ಸೋಮರಾಯನ ಮಹಾಮಂಡಳಿಯೂ ಮೆಣಸಿನ ಸಾರೂ

"ಇನ್ನು ಮೇಲೆ ನನ್ನ ರಾಜ್ಯದ ಶಾಲೆಗಳೆಲ್ಲ ಒಂದೇ ಕೊಡೆಯಡಿ! ಇಂಥ ಯೋಚನೆ ಯಾವ ರಾಜನಿಗಾದರೂ ಹೊಳೆದಿತ್ತೇ?" ಎಂದು ಕಂಚೀಕೋಟೆಯ ಸೋಮರಾಯ ಮೀಸೆ ತಿರುವಿದ.

ಯಾರಿಗೂ ಹೊಳೆದಿರಲಿಲ್ಲ ಎಂದು ಸಭೆ ಒಕ್ಕೊರಲಿನಿಂದ ಹೇಳಿತು. ಸಭೆಯ ಕೆಲಸವೇ ಅದು. ಆ ಸಭೆಯಲ್ಲಿ ಗುಮ್ಮಣ್ಣನೂ ಇದ್ದ. ಆಸ್ಥಾನದಲ್ಲಿ ಅವನ ಉದ್ಯೋಗ ರಾಜನನ್ನು ನಗಿಸುವುದು. ನಗಿಸುವ ನೆಪದಲ್ಲಿ ಬೇರೆಯವರು ಹೇಳಲಾರದ ಮಾತನ್ನೂ ಹೇಳಿಬಿಡುತ್ತಿದ್ದ.

ಅಲ್ಲಿಯತನಕ ಊರೂರಿನ ಶಾಲೆಯನ್ನು ಆಯಾ ಊರಿನ ಐವರು ಹಿರಿಯರೇ ನೋಡಿಕೊಳ್ಳುತ್ತಿದ್ದರು. ಪಾಠ ಯಾವ ಹೊತ್ತಿಗೆ, ರಜೆ ಯಾವಾಗ, ಪಾಠ ಹೇಳುವ ಐಗಳು ಮಕ್ಕಳನ್ನು ಅತಿಯಾಗಿ ಗದರಿದರೆ ಐಗಳನ್ನು ಗದರುವವರು ಯಾರು, ಎಲ್ಲ ಅವರದೇ ತೀರ್ಮಾನ. ಈಗ ವಿದ್ಯಾ ಮಹಾಮಂಡಳಿ ಬಂತು. ಅಧ್ಯಕ್ಷ ಸ್ವತಃ ರಾಜ. ಶಾಲೆಗಳ ಸೋರುವ ಮಾಡಿಗೆ ಮಂಡಳಿ ಹೊಸ ಹೆಂಚು ಕಳಿಸಿತು, ಅದು ಒಳ್ಳೆಯದೇ. ಜೊತೆಗೆ ನಿಯಮಗಳನ್ನೂ ಕಳಿಸಿತು. ಊರಿನ ಐವರು ಇನ್ನು ಸಲಹೆ ಕೊಡಬಹುದು, ತೀರ್ಮಾನ ಮಾಡುವಂತಿಲ್ಲ. ಒಮ್ಮೆ ಸೇರಿದ ಶಾಲೆ ಹೊರಗೆ ಬರುವಂತಿಲ್ಲ. ಎಲ್ಲ ಕಡೆಯೂ ಸೂರ್ಯ ಹುಟ್ಟುತ್ತಲೇ ಪಾಠ. ಮಕ್ಕಳು ಬಾರದ ಶಾಲೆಗೆ ಬೀಗ.

ಒಂದು ಸಂಜೆ ನೂಲಹಳ್ಳಿಯ ಚೌಡಮ್ಮ ಗುಮ್ಮಣ್ಣನ ಜಗಲಿಗೆ ಬಂದು ಕೂತಳು. ನೇಕಾರರ ಆ ಊರಿನ ಐವರು ಹಿರಿಯರಲ್ಲಿ ಅವಳೂ ಒಬ್ಬಳು.

"ಹೊತ್ತು ಹುಟ್ಟೋವಾಗ ನಮ್ ಬೀದಿ ತುಂಬಾ ನೂಲು ಹಾಸಿರ್ತೀವಿ ಬುದ್ಧಿ. ಬಿಸಿಲೇರೋದ್ರೊಳಗೆ ಗಂಜಿ ಹಾಕಿ ಸುತ್ಕೋಬೇಕು, ಇಲ್ದಿದ್ರೆ ಎಳೆ ಪಟಪಟ ಅಂತ ಕಿತ್ತೋಗ್ತವೆ. ಮನೆಮಂದಿ ಮಕ್ಳು ಎಲ್ಲಾ ಸೇರಿದ್ರೇನೇ ಆಗೋ ಕೆಲ್ಸ. ಅದ್ಕೇ ನಾವು ನೂಲು ಸುತ್ತಿದ್ ಮೇಲೆ ಪಾಠ ಇಟ್ಕೊಂಡಿದ್ವಿ."

"ಮಂಡಳಿಗೆ ಹೇಳಲಿಲ್ಲವೇ ಚೌಡಮ್ಮ?"

"ಹೇಳ್ದೆ. ನಿಮ್ಮ ಸಲಹೆ ತಲುಪ್ತು ಅಂದ್ರು. ಈಗ ಐಗಳು ಬರೀ ಗೋಡೆಗೆ ಕಾಗುಣಿತ ಹೇಳ್ಕೊಡ್ತಾವ್ರೆ. ಬರೋ ಹಬ್ಬ ಕಳೀತಿದ್ದಂಗೆ ಬೀಗ ಜಡೀತಾರಂತೆ. ನನ್ ಮೊಮ್ಮಗಳು ಈಗಷ್ಟೇ ಹೆಸರು ಬರೆಯೋದು ಕಲ್ತಿದ್ಲು ಬುದ್ಧಿ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಮ್ಮಣ್ಣ ಅವಳ ಕೈಗೆ ನೀರಿನ ಚೊಂಬು ಕೊಟ್ಟ. "ಹಬ್ಬದೊಳಗೆ ಏನಾದರೂ ಮಾಡುತ್ತೇನೆ, ಹೋಗು ತಾಯಿ" ಎಂದ.

ಮರುದಿನ ಸಭೆಯಲ್ಲಿ ಎದ್ದು ನಿಂತ. "ಮಹಾಪ್ರಭು, ಶಾಲೆಗಳನ್ನು ಒಂದು ಮಾಡಿದ ತಮ್ಮ ಕಣ್ಣಿಗೆ ಅಡುಗೆಮನೆಗಳು ಬೀಳಲಿಲ್ಲವಲ್ಲ! ಅರಮನೆಗೊಂದು ಒಲೆ, ಕಾವಲಿನವರಿಗೊಂದು ಒಲೆ, ಕುದುರೆಲಾಯಕ್ಕೊಂದು ಒಲೆ. ಒಬ್ಬೊಬ್ಬರದು ಒಂದೊಂದು ರುಚಿ. ಎಂಥ ಅವ್ಯವಸ್ಥೆ!"

ರಾಜ ಉಬ್ಬಿಹೋದ. "ಪಾಕ ಮಹಾಮಂಡಳಿ ಇಂದೇ ಆಗಲಿ! ನೀನೇ ಅಧ್ಯಕ್ಷ."

"ನಿಯಮಗಳು?"

"ವಿದ್ಯಾ ಮಂಡಳಿಯವೇ. ಅಲ್ಲಿದ್ದಂತೆಯೇ ಇಲ್ಲೂ. ಒಂದಕ್ಷರ ಹೆಚ್ಚುಕಡಿಮೆ ಕೂಡದು!" ಎಂದು ಸೋಮರಾಯ ಮುದ್ರೆ ಒತ್ತಿಯೇಬಿಟ್ಟ.

ಕೆಲವೇ ದಿನಗಳಲ್ಲಿ ರಾಜನಿಗೆ ನೆಗಡಿ ಹಿಡಿಯಿತು. ಮೂಗು ಕಟ್ಟಿತು, ನಾಲಿಗೆ ಕೆಟ್ಟಿತು. ಬಿಸಿ ಅನ್ನ, ಮೆಣಸಿನ ಸಾರು ಬೇಕೆಂದು ಊಟಕ್ಕೆ ಕೂತ. ಅಡುಗೆಯ ನರಹರಿ ತಲೆ ತಗ್ಗಿಸಿಕೊಂಡು ಬಂದು ಎಲೆಗೆ ಬೇಯಿಸಿದ ಹುರುಳಿ ಬಡಿಸಿದ.

"ಇದೇನೋ ಇದು?"

"ಹುರುಳಿ, ಪ್ರಭು. ಇವತ್ತಿನಿಂದ ಎಲ್ಲ ಒಲೆಗಳಲ್ಲೂ ಒಂದೇ ಅಡುಗೆ. ಉಣ್ಣುವವರು ಹೆಚ್ಚು ಇರುವುದು ಕುದುರೆಲಾಯದಲ್ಲಿ. ಕುದುರೆಗಳಿಗೆ ಒಪ್ಪಿದ್ದೇ ಎಲ್ಲರಿಗೂ ಅಂತ ಮಂಡಳಿ ತೀರ್ಮಾನ ಮಾಡಿದೆ."

"ಇದು ಯಾರ ಅಡುಗೆಮನೆಯೋ?"

"ತಮ್ಮದೇ ಪ್ರಭು. ಒಲೆ ತಮ್ಮದು, ಪಾತ್ರೆ ತಮ್ಮದು. ಏನು ಬೇಯಬೇಕು ಅನ್ನುವುದು ಮಾತ್ರ ಮಂಡಳಿಯದು. ತಾವು ಬೇಕಾದರೆ ಸಲಹೆ ಕೊಡಬಹುದು."

"ಕೊಟ್ಟೆ! ಸಾರು ಮಾಡು!"

"ತಮ್ಮ ಸಲಹೆ ತಲುಪಿತು" ಎಂದು ನರಹರಿ ಇನ್ನೊಂದು ಸೌಟು ಹುರುಳಿ ಬಡಿಸಿದ.

ರಾಜ ಎಲೆ ಬಿಟ್ಟೆದ್ದ. ಗುಮ್ಮಣ್ಣನಿಗೆ ಕರೆ ಹೋಯಿತು. ಅವನು ಚೌಡಮ್ಮನನ್ನೂ ಜೊತೆಗೆ ಕರೆದುಕೊಂಡೇ ಬಂದ.

"ನನ್ನ ಒಲೆ ನಿನ್ನ ಮಂಡಳಿಯಿಂದ ಹೊರಗೆ! ಈ ಕ್ಷಣವೇ!"

"ಒಮ್ಮೆ ಸೇರಿದ ಮೇಲೆ ಹೊರಬರುವಂತಿಲ್ಲ ಪ್ರಭು, ತಮ್ಮದೇ ಮುದ್ರೆ."

"ನನಗೆ ನೆಗಡಿಯಾಗಿದೆಯೋ! ನನ್ನ ನಾಲಿಗೆ ಕೆಟ್ಟಿರುವುದು ಎಲ್ಲೋ ಕೂತ ನಿನ್ನ ಮಂಡಳಿಗೆ ಹೇಗೆ ಗೊತ್ತಾಗಬೇಕು?"

"ಗೊತ್ತಾಗುವುದಿಲ್ಲ ಪ್ರಭು. ನೂಲಹಳ್ಳಿಯ ಬೀದಿಯಲ್ಲಿ ಬೆಳಿಗ್ಗೆ ನೂಲು ಹಾಸಿರುವುದು ತಮ್ಮ ಮಂಡಳಿಗೆ ಗೊತ್ತಾಗಲಿಲ್ಲವಲ್ಲ, ಹಾಗೆಯೇ. ಇಗೋ, ಚೌಡಮ್ಮ ಇಲ್ಲೇ ಇದ್ದಾಳೆ."

ಚೌಡಮ್ಮ ಮೊದಲು ಹೆದರಿದಳು. ಆಮೇಲೆ ಗಂಜಿಯಿಂದ ಹಿಡಿದು ಮೊಮ್ಮಗಳ ತನಕ ಒಂದೂ ಬಿಡದೆ ಹೇಳಿದಳು. ರಾಜ ನಡುವೆ ಸೀನಿದ, ಆದರೆ ಕೇಳಿಸಿಕೊಂಡ.

"ಹಾಗಾದರೆ ನನ್ನ ಸಾರು?" ಎಂದ ಕೊನೆಗೆ, ದನಿ ಇಳಿಸಿ.

"ಎರಡೂ ಮಂಡಳಿಗೆ ಒಂದೇ ನಿಯಮ, ಒಂದಕ್ಷರ ಹೆಚ್ಚುಕಡಿಮೆ ಕೂಡದು ಎಂದವರು ತಾವು. ಅಲ್ಲಿ ಬದಲಾಗದೆ ಇಲ್ಲಿ ನಾನು ಬದಲಿಸುವುದು ಹೇಗೆ? ಹೆಂಚು ಅರಮನೆಯಿಂದಲೇ ಬರಲಿ ಪ್ರಭು, ಕೈ ಮುಗಿದು ತೆಗೆದುಕೊಳ್ಳುತ್ತಾರೆ. ಆ ಹೆಂಚಿನ ಕೆಳಗೆ ಎಷ್ಟು ಹೊತ್ತಿಗೆ ಕೂರಬೇಕೆನ್ನುವುದನ್ನು ಊರಿನ ಐವರಿಗೇ ಬಿಡಿ."

ಸೋಮರಾಯ ಮೂಗೊರೆಸಿಕೊಂಡು ಅಲ್ಲೇ ಅಪ್ಪಣೆ ಮಾಡಿದ. ಪಾಠದ ಹೊತ್ತು, ರಜೆ, ಶಾಲೆಯ ಒಳಗಿನ ತೀರ್ಮಾನವೆಲ್ಲ ಮತ್ತೆ ಊರಿನ ಐವರ ಕೈಗೆ ಬಂತು. ಯಾವ ಶಾಲೆಗೂ ಬೀಗ ಬೀಳಬಾರದೆಂದೂ ಆಯಿತು. ಚೌಡಮ್ಮ ಕಾಲಿಗೆ ಬಿದ್ದು, ಎದ್ದವಳೇ ಊರಿನ ದಾರಿ ಹಿಡಿದಳು.

ಆಮೇಲೆ ಸಾರು ಬಂತು. ರಾಜ ಸೊರ್ರೆಂದು ಎರಡು ಬಟ್ಟಲು ಕುಡಿದ. ಮೂಗು ಬಿಟ್ಟಿತು, ಕೋಪವೂ ಬಿಟ್ಟಿತು. ಆಗ ಅವನಿಗೊಂದು ಅನುಮಾನ ಬಂತು.

"ಅಲ್ಲವೋ ಗುಮ್ಮಣ್ಣ, ಇವತ್ತು ನೀನೂ ಹುರುಳಿಯನ್ನೇ ತಿಂದೆಯಾ?"

"ಇಲ್ಲ ಪ್ರಭು, ಮನೆಯಲ್ಲಿ ಬಿಸಿಬಿಸಿ ಮುದ್ದೆ, ಬಸ್ಸಾರು."

"ಎಲಾ! ಅಧ್ಯಕ್ಷನ ಒಲೆಯೇ ಮಂಡಳಿಗೆ ಸೇರಲಿಲ್ಲವೇ?"

"ಸೇರಿಸೋಣ ಅಂತ ಹೆಂಡತಿಯ ಮುಂದೆ ಪ್ರಸ್ತಾಪ ಇಟ್ಟೆ ಪ್ರಭು. ಅವಳು ಸೌಟು ಎತ್ತಿದಳು. ನಾನು ಅವಳ ಸಲಹೆಯನ್ನು ತೀರ್ಮಾನವೆಂದೇ ತಿಳಿದುಕೊಂಡೆ."

ಸೋಮರಾಯ ಬಾಯಲ್ಲಿದ್ದ ಸಾರು ಉಕ್ಕುವಂತೆ ನಕ್ಕು, ಕೊರಳಿನ ಹಾರ ತೆಗೆದು ಗುಮ್ಮಣ್ಣನ ಕೈಗಿಟ್ಟ. "ಇದು ನಿನಗಲ್ಲ. ಸೌಟು ಎತ್ತಿದ ಆ ತಾಯಿಗೆ ಕೊಡು" ಎಂದ.