ಕೂಸಿನ ಕಾಲ್ಬೆರಳ ಕಾವಲು

ಆಗಷ್ಟೇ ಹುಟ್ಟಿದ ಕೂಸೊಂದರ ಕಾಲ್ಬೆರಳಿನ ರಕ್ತದಲ್ಲಿ ಬಿಳಿಯಪ್ಪನೆಂಬ ಬಿಳಿ ರಕ್ತಕಣ ಕಾವಲು ಕಾಯುತ್ತಿದ್ದ. ಕೂಸು ಮೊದಲ ಸಲ ಕಿಟಾರನೆ ಅತ್ತದ್ದೇ ತಡ, ವೈರಿ ನುಗ್ಗಿದನೆಂದು ತಿಳಿದು ಎಲುಬಿನೊಳಗಿನ ಪಾಳೆಯಕ್ಕೆ ಕೂಗು ಹಾಕಿದ. ಮೀಸೆ ಮೂಡದ ಎಳೆಯ ಕಣಗಳೂ ಎದ್ದೆವೋ ಬಿದ್ದೆವೋ ಎಂದು ಓಡಿಬಂದು, ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಒತ್ತಾಗಿ ಕಾಲ್ಬೆರಳಿನ ಓಣಿಯಲ್ಲಿ ತುಂಬಿಕೊಂಡವು.

ಅಷ್ಟರಲ್ಲಿ ಕೆಂಪಮ್ಮನೆಂಬ ಕೆಂಪು ರಕ್ತಕಣ ಉಸಿರಿನ ಬುಟ್ಟಿ ಹೊತ್ತು ಬಂದಳು. "ದಾರಿ ಬಿಡಿ, ಬೆರಳಿಗೆ ಉಸಿರು ಕೊಡಬೇಕು."

"ಯುದ್ಧ ನಡೆಯುತ್ತಿದೆ. ಮುಗಿದ ಮೇಲೆ ಬಾ," ಎಂದ ಬಿಳಿಯಪ್ಪ.

"ಯಾರ ಜೊತೆ?"

"ಅದನ್ನೇ ಹುಡುಕುತ್ತಿದ್ದೇವೆ."

ಉಸಿರು ಸಿಗದೆ ಬೆರಳು ನೀಲಿಗಟ್ಟತೊಡಗಿತು. ಅದನ್ನು ಕಂಡು ಬಿಳಿಯಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. "ವೈರಿ ಇಲ್ಲೇ ಇದ್ದಾನೆ ಅಂತ ನಾನು ಹೇಳಲಿಲ್ಲವೇ? ಇನ್ನಷ್ಟು ದಂಡು ಬರಲಿ."

ಕೆಂಪಮ್ಮ ಎಲುಬಿನ ಕಡೆ ಕೈ ತೋರಿದಳು. "ವೈರಿ ಈಗಷ್ಟೇ ನಿಮ್ಮ ಪಾಳೆಯದ ಕಡೆ ಓಡಿದ, ಬಿಳಿಯಪ್ಪ."

ದಂಡೆಲ್ಲ ಅತ್ತ ದೌಡಾಯಿಸಿತು. ಕೆಂಪಮ್ಮ ಬುಟ್ಟಿ ಇಳಿಸಿದಳು. ಬೆರಳು ಮತ್ತೆ ಕೆಂಪಾಯಿತು.

ದೂರದಿಂದ ತಿರುಗಿ ನೋಡಿದ ಬಿಳಿಯಪ್ಪ ಮೀಸೆ ತಿರುವಿಕೊಂಡು, "ನಾವು ಹೊತ್ತಿಗೆ ಸರಿಯಾಗಿ ಬರದಿದ್ದರೆ ಆ ಬೆರಳು ಉಳಿಯುತ್ತಿತ್ತೇ?" ಎಂದ.