ವಕೀಲರ ಮನೆಮಗಳು

ದಾವಣಗೆರೆಯ ಹಂಪಣ್ಣನವರು ಕಾರ್ಮಿಕ ಕಾನೂನಿನ ದೊಡ್ಡ ವಕೀಲರು. ದುಡಿಯುವವರನ್ನು ಕೆಲಸಗಾರರೇ ಅಲ್ಲ ಎಂದು ಸಾಧಿಸಿ ಮಾಲೀಕರನ್ನು ಗೆಲ್ಲಿಸುವುದೇ ಅವರ ಕಸುಬು. ಅಡುಗೆಯ ಗೌರವ್ವ ಭಾನುವಾರ ರಜೆ ಕೇಳಿದಾಗಲೂ ಅದೇ ವರಸೆ ತೆಗೆದರು.

"ನೀನೇನು ಕೆಲಸದವಳೇನವ್ವ? ಮನೆಮಗಳು. ಮನೆಮಗಳಿಗೆ ಎಂಥ ರಜೆ?"

"ಆಯ್ತು ಬಿಡ್ರಿ" ಎಂದಳು ಗೌರವ್ವ.

ಶನಿವಾರ ಕಾರ್ಮಿಕ ನ್ಯಾಯಾಲಯದ ನಿವೃತ್ತ ಜಡ್ಜರು ಊಟಕ್ಕೆ ಬಂದರು. ಗೌರವ್ವ ಅವರ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ಹಂಪಣ್ಣನವರತ್ತ ತಟ್ಟೆ ಚಾಚಿದಳು.

"ಅಪ್ಪಾಜಿ, ನನಗೂ ಒಂದಿಷ್ಟು ಪಲ್ಯ ಬಡಿಸ್ರಿ."

ಹಂಪಣ್ಣನವರ ಮುಖ ಕೆಂಪಾಯಿತು. "ಏಳು ಮೇಲೆ. ನೀನು ಈ ಮನೆ ಕೆಲಸದವಳು, ನೆನಪಿರಲಿ."

ಗೌರವ್ವ ಎದ್ದು ಜಡ್ಜರಿಗೆ ಕೈಮುಗಿದಳು. "ಕೇಳಿದ್ರಲ್ಲ ಸ್ವಾಮಿ. ಹಂಗಾದ್ರೆ ನಾಳೆ ನನಗೆ ರಜೆ."

ಜಡ್ಜರು ನಿಧಾನವಾಗಿ ರೊಟ್ಟಿ ಮುರಿದರು. "ನನ್ನ ಕೋರ್ಟಿನಲ್ಲಿ ಜೀವಮಾನವೆಲ್ಲ ವಾದಿಸಿದಿರಿ ಹಂಪಣ್ಣ. ಒಬ್ಬರನ್ನಾದರೂ ಕೆಲಸದವರು ಅಂತ ನೀವು ಒಪ್ಪಿದ್ದು ಇವತ್ತೇ."