ಗಪ್ಪಿ ಮೆಚ್ಚಿದ ದೀಪ

ಹೊಲಿಗೆ ಅಂಗಡಿ ನಡೆಸುವ ಸುಗುಣಮ್ಮ ತನ್ನ ಅಂಗಡಿ ಮುಂದಿನ ಮೀನಿನ ತೊಟ್ಟಿಯ ಒಂದು ತುದಿಗೆ ದೊಡ್ಡ ಹ್ಯಾಲೊಜನ್ ದೀಪವನ್ನೂ ಇನ್ನೊಂದು ತುದಿಗೆ ಪುಟ್ಟ ಎಲ್‌ಇಡಿ ದೀಪವನ್ನೂ ಕಟ್ಟಿ, "ಮೀನು ಯಾವುದರ ಕೆಳಗೆ ಆಡುತ್ತದೋ ಅದನ್ನೇ ಇಟ್ಟುಕೊಳ್ಳುತ್ತೇನೆ" ಎಂದಳು. ತೊಟ್ಟಿಯಲ್ಲಿದ್ದದ್ದು ಒಂದೇ ಮೀನು, ಗಪ್ಪಿ. ಅದಕ್ಕೆ ತನ್ನ ಬಣ್ಣದ ಬಾಲದ ಮೇಲೆ ಎಲ್ಲಿಲ್ಲದ ಹೆಮ್ಮೆ.

ನೀರುಗಿಡ ವಿನಯದಿಂದ ಹೇಳಿತು: "ಗಪ್ಪಿಯವರೇ, ದಯವಿಟ್ಟು ಚಿಕ್ಕದನ್ನು ಆರಿಸಿ. ನಾನು ಬೆಳೆಯಲು ಅಷ್ಟು ಬೆಳಕು ಸಾಕು. ದೊಡ್ಡದು ಕರೆಂಟನ್ನೂ ತಿನ್ನುತ್ತದೆ, ನೀರನ್ನೂ ಕಾಯಿಸುತ್ತದೆ."

ಕಲ್ಲಿಗೆ ಅಂಟಿಕೊಂಡಿದ್ದ ಚಿಟಿಕೆಯಷ್ಟು ಪಾಚಿ ನಡುವೆ ಬಾಯಿ ಹಾಕಿತು: "ಸಾಕೆನ್ನುವಷ್ಟು ಬೆಳಕು ಗಿಡಗಳಿಗೆ ಸರಿ. ತಮ್ಮಂಥ ಬಾಲಕ್ಕೆ ಅದು ಅವಮಾನ, ಸ್ವಾಮಿ."

ಗಪ್ಪಿಗೆ ಈ ಮಾತು ಬಹಳ ಹಿಡಿಸಿತು. ನೇರವಾಗಿ ದೊಡ್ಡ ದೀಪದ ಕೆಳಗೆ ಹೋಗಿ ಬಾಲ ಬೀಸಿ ಕುಣಿಯಿತು. ಸುಗುಣಮ್ಮ ಚಿಕ್ಕದನ್ನು ಬಿಚ್ಚಿಟ್ಟಳು. ದಾರಿಹೋಕರು ನಿಂತು ನೋಡಿದರು, ಅದೂ ಕೆಲವೇ ದಿನ.

ಆಮೇಲೆ ನೀರು ಬಿಸಿಯಾಯಿತು, ಗಿಡದ ಎಲೆಗಳು ಕೊಳೆತು ಉದುರಿದವು, ಪಾಚಿ ಗಾಜಿನ ತುಂಬ ಹಬ್ಬಿತು. ಗಪ್ಪಿ ಏದುಸಿರು ಬಿಡುತ್ತ ಕೇಳಿತು: "ಹೊರಗೆ ಯಾರೂ ಕಾಣುತ್ತಿಲ್ಲ. ನನ್ನನ್ನು ನೋಡಲು ಜನ ಬರುತ್ತಿಲ್ಲವೇ?"

"ಬರುತ್ತಿದ್ದಾರೆ," ಎಂದಿತು ಪಾಚಿ, ಗಾಜಿನಲ್ಲಿ ಉಳಿದಿದ್ದ ಕಡೆಯ ಕಿಂಡಿಯನ್ನೂ ಮುಚ್ಚುತ್ತ. "ತಮ್ಮ ಪರವಾಗಿ ನಾನೇ ಮಾತಾಡಿ ಕಳಿಸುತ್ತಿದ್ದೇನೆ."